ಎಲೆ ಹಾಕುವ ಚಿಕ್ಕಪ್ಪ

ಬಾಳೆ ಎಲೆಯ ತುದಿ ಊಟಕ್ಕೆ ಕುಳಿತವರ ಎಡಕ್ಕೆ ಬರಬೇಕು. ಇದನ್ನು ನನಗೆ ಕಲಿಸಿದವರು ನಮ್ಮ ಚಿಕ್ಕಪ್ಪ. ಹತ್ತರವರೆಗೆ ಎಣಿಸಲು ತಡವರಿಸುತ್ತಿದ್ದ ಅವರು, ನೂರು ಜನರ ಪಂಕ್ತಿಗೆ ಒಂದು ಎಲೆಯೂ ತಿರುವುಮುರುವಾಗದಂತೆ ಹಾಕುತ್ತಿದ್ದರು. ಮಲೆನಾಡಿನ ನಮ್ಮ ಹಳ್ಳಿಯಲ್ಲಿ ಮದುವೆಯಿರಲಿ, ಮುಂಜಿಯಿರಲಿ, ಎಲೆ ಹಾಕಲು ಅವರೇ ಬೇಕು. ಅವರನ್ನು ‘ಪೆದ್ದ’ ಎಂದು ಹಂಗಿಸುತ್ತಿದ್ದುದೂ ಅದೇ ಹಳ್ಳಿಯೇ. ಆದರೂ ಅಲ್ಲಿ ಅವರಿಗೊಂದು ಕೆಲಸವಿತ್ತು, ಆ ಕೆಲಸದಿಂದ ನಾಲ್ಕು ಜನರ ನಡುವೆ ಒಂದು ಜಾಗವಿತ್ತು.

ಆಮೇಲೆ ನಾವು ಪೇಟೆಗೆ ಬಂದೆವು. 1994ರಲ್ಲಿ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ, “ಚಿಕ್ಕಪ್ಪ ಹಿಂದಿನ ಕೋಣೆಯಲ್ಲೇ ಇರಲಿ” ಎಂದವಳು ನಾನೇ. ಚಿಲಕ ಹಾಕಿದವಳೂ ನಾನೇ. “ಎಲೆ ಹಾಕ್ಲೇನೇ?” ಎಂದು ಅವರು ಒಳಗಿನಿಂದ ಎರಡು ಸಲ ಕೇಳಿದರು.

ಶಾಲೆಯಲ್ಲಿ ಇತಿಹಾಸ ಹೇಳುವವಳಾದರೂ, ಚಿಕ್ಕಪ್ಪನಂಥವರಿಗೂ ಒಂದು ಇತಿಹಾಸವಿದೆಯೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ಬ್ರಿಟಿಷರು 1912ರಲ್ಲಿ ಮಾಡಿದ ಕಾಯಿದೆ ಬುದ್ಧಿಮಾಂದ್ಯರನ್ನೂ ಮನೋರೋಗಿಗಳನ್ನೂ ‘ಹುಚ್ಚರು’ ಎಂಬ ಒಂದೇ ಹೆಸರಿನಡಿ ಸೇರಿಸಿತ್ತು. 1987ರ ಮಾನಸಿಕ ಆರೋಗ್ಯ ಕಾಯಿದೆ ಬುದ್ಧಿಮಾಂದ್ಯತೆ ರೋಗವಲ್ಲವೆಂದು ಬೇರ್ಪಡಿಸಿತು. ಅದು ಜಾರಿಗೆ ಬಂದದ್ದು 1993ರಲ್ಲಿ. ನಾನು ಚಿಲಕ ಹಾಕಿದ್ದು ಅದರ ಮರುವರ್ಷ!

“ನಾನು ಸತ್ತ ಮೇಲೆ ಇವನ ಗತಿಯೇನು?” ಎನ್ನುವುದು ನಮ್ಮಜ್ಜಿಯ ಚಿಂತೆಯಾಗಿತ್ತು. ಇಂಥವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ರಾಷ್ಟ್ರೀಯ ನ್ಯಾಸ ಕಾಯಿದೆ ಬಂದದ್ದು 1999ರಲ್ಲಿ. ಅಜ್ಜಿ ಆಗ ಇರಲಿಲ್ಲ. 2016ರ ಕಾಯಿದೆ ಇನ್ನೂ ಮುಂದೆ ಹೋಗಿ, ಸಮಾಜದ ನಡುವೆ ಬಾಳುವುದು ಅವರ ಹಕ್ಕು ಎಂದಿತು. 2011ರ ಜನಗಣತಿಯಲ್ಲಿ ಇಂಥವರು ದೇಶದಲ್ಲಿ ಸುಮಾರು 15 ಲಕ್ಷ.

ಇವರ ಮುಪ್ಪು ಕೂಡ ಹೊಸ ಸಂಗತಿಯೇ. ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯುಸ್ಸು 1929ರ ಸುಮಾರಿಗೆ ಇಂಗ್ಲೆಂಡಿನಲ್ಲಿ 9 ವರ್ಷವಿತ್ತು. ಈಗ ಮುಂದುವರಿದ ದೇಶಗಳಲ್ಲಿ ಅದು 60ರ ಆಸುಪಾಸು. ಆಯುಸ್ಸು ಬೆಳೆಯಿತು, ಸರಿ. ಬೆಳೆದ ವರ್ಷಗಳನ್ನು ಅವರು ಎಲ್ಲಿ ಕಳೆಯಬೇಕು? ಹಿಂದಿನ ಕೋಣೆಯಲ್ಲೇ? ಹೊತ್ತಿಗೆ ತಟ್ಟೆ ತಂದಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೇ?

ಚಿಕ್ಕಪ್ಪನಿಗೀಗ ಎಪ್ಪತ್ತರ ಹತ್ತಿರ. ಮೊನ್ನೆ ಮಗಳ ಮದುವೆಯಲ್ಲಿ ಅಡುಗೆ ಗುತ್ತಿಗೆಯವರಿಗೆ, “ಮೊದಲ ಪಂಕ್ತಿಯ ಎಲೆ ನಮ್ಮ ಚಿಕ್ಕಪ್ಪನದು” ಎಂದು ಮೊದಲೇ ಹೇಳಿದ್ದೆ. ಕೈ ನಡುಗುತ್ತಿತ್ತು, ತಡವಾಯಿತು. ಬೀಗರು ಎರಡು ಬಾರಿ ಗಡಿಯಾರ ನೋಡಿದರು. ನೋಡಲಿ ಎಂದು ಸುಮ್ಮನಿದ್ದೆ.

ಎಲ್ಲ ಎಲೆಗಳ ತುದಿಯೂ ಎಡಕ್ಕೇ ಇದ್ದವು.