ಹಳೆಯ ಕಾರಿಗೆ ಗುಜರಿಯ ಬಿಡಿಭಾಗ: ಘಾಟಿಗೆ ಯಾವುದು ಹಿತ, ಯಾವುದು ಅಪಾಯ

ಸಕಲೇಶಪುರ ತಾಲ್ಲೂಕಿನ ಬೆಳಗೋಡು ಹೋಬಳಿಯಂತಹ ಮಲೆನಾಡಿನ ಸೀಮೆಯಲ್ಲಿ ಕಾರು ಎಂಬುದು ವೈಭವದ ವಸ್ತುವಲ್ಲ. ಮಳೆಗಾಲದ ರಾತ್ರಿ ರೋಗಿಯನ್ನು ಹಾಸನದ ಆಸ್ಪತ್ರೆಗೆ ಸಾಗಿಸಬೇಕಾದಾಗ ಅಂಗಳದಲ್ಲಿ ನಿಂತಿರುವ ಹಳೆಯ ಮಾರುತಿ 800 ಕಾರೇ ಮನೆಮಂದಿಗೆ ಆಸರೆ. 1983ರ ಡಿಸೆಂಬರ್‌ನಲ್ಲಿ ಮೊದಲ ಗ್ರಾಹಕರ ಕೈಸೇರಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಹೀಗಾಗಿ ಅದರ ಶಕ್ತಿ ಹೆಚ್ಚಿಸಬಯಸುವವರು ಬೆಂಗಳೂರಿನ ಶಿವಾಜಿನಗರದಂತಹ ಕಡೆಯ ಗುಜರಿ ಅಂಗಡಿಗಳತ್ತ ಮುಖ ಮಾಡುವುದು ಸಹಜ. ಆದರೆ ಬಯಲುಸೀಮೆಯಲ್ಲಿ ಲಾಭವೆನಿಸುವ ಬದಲಾವಣೆ ಘಾಟಿಯಲ್ಲಿ ನಷ್ಟವಾಗಬಹುದು ಎಂಬುದನ್ನು ಮರೆಯಬಾರದು.

ಮೊದಲು ಕಳೆದುಹೋದ ಶಕ್ತಿ

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 9ರಷ್ಟು ಕಡಿಮೆ, ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ನಿನ ಶಕ್ತಿ ಹೊಸದಿದ್ದಾಗಲೇ ಸುಮಾರು 37 ಅಶ್ವಶಕ್ತಿ ಮಾತ್ರ. ಕಾರ್ಬ್ಯುರೇಟರ್ ಇರುವ ಕಾರಿನಲ್ಲಿ ತೆಳುಗಾಳಿಗೆ ಪೆಟ್ರೋಲಿನ ಪಾಲು ಹೆಚ್ಚಾಗಿ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ. ಆದ್ದರಿಂದ ಗುಜರಿಗೆ ಹೋಗುವ ಮುನ್ನ ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್ ಅಂತರ, ಇಗ್ನಿಷನ್ ಟೈಮಿಂಗ್ ಹಾಗೂ ಕ್ಲಚ್ಚನ್ನು ಪರೀಕ್ಷಿಸಿ ಸರಿಪಡಿಸಬೇಕು.

ಅನಂತರ ಮೂರೂ ಸಿಲಿಂಡರ್‌ಗಳ ಕಂಪ್ರೆಷನ್ ಅಳೆಯುವುದು ಅಗತ್ಯ. ಒಂದರಲ್ಲಿ ಮಾತ್ರ ಒತ್ತಡ ಕಡಿಮೆ ಕಂಡುಬಂದರೆ ಪ್ಲಗ್ಗಿನ ರಂಧ್ರದ ಮೂಲಕ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂದೂ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿ ದೋಷವಿದೆ ಎಂದೂ ಊಹಿಸಬಹುದು. ಹೀಗೆ ಸೊರಗಿದ ಎಂಜಿನ್ನಿಗೆ ಯಾವ ಹೊರಭಾಗ ಜೋಡಿಸಿದರೂ ಫಲವಿಲ್ಲ.

ಬ್ರೇಕಿಗೆ ಅಗ್ರಸ್ಥಾನ

ಶಿರಾಡಿ ಘಾಟಿ ಇಳಿದು ಗುಂಡ್ಯದತ್ತ ಸಾಗುವ ಕಾರಿಗೆ ಓಟಕ್ಕಿಂತ ನಿಲುಗಡೆಯೇ ಮುಖ್ಯ. ಬ್ರೇಕ್ ಬೂಸ್ಟರ್ ಇಲ್ಲದ ಹಳೆಯ ಕಾರಿಗೆ, ಅದೇ ಮಾದರಿಯ ನಂತರದ ಕಾರಿನ ಬೂಸ್ಟರ್ ಅಳವಡಿಸುವುದು ಕಡಿಮೆ ಖರ್ಚಿನ ಒಳ್ಳೆಯ ಸುಧಾರಣೆ. ಬೂಸ್ಟರ್ ಮತ್ತು ಮಾಸ್ಟರ್ ಸಿಲಿಂಡರ್ ಎರಡನ್ನೂ ಒಂದೇ ಕಾರಿನಿಂದ ಜೊತೆಯಾಗಿ ಪಡೆಯಬೇಕು. ಅದರ ಪರೀಕ್ಷೆಯೂ ಸುಲಭ: ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಹಾಗೆಯೇ ಹಿಡಿದು ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ.

ಒಳಗಿನ ರಬ್ಬರ್ ಸೀಲುಗಳು, ಹೋಸ್‌ಪೈಪುಗಳು ಹಾಗೂ ಬ್ರೇಕ್ ಆಯಿಲ್ ಮಾತ್ರ ಹೊಸದೇ ಆಗಿರಬೇಕು. ಬ್ರೇಕ್ ಆಯಿಲ್ ತೇವಾಂಶವನ್ನು ಹೀರುವ ಗುಣವುಳ್ಳದ್ದು. ತೇವ ಹೀರಿದ ಆಯಿಲ್ ದೀರ್ಘ ಇಳಿಜಾರಿನ ಕಾವಿಗೆ ಬೇಗ ಕುದಿದು ಆವಿಯಾಗುತ್ತದೆ. ಆಗ ಪೆಡಲ್ ತಳಕ್ಕೆ ಕುಸಿದರೂ ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಮತ್ತು ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಸಾಗುವುದು ಕ್ಷೇಮ.

ದೊಡ್ಡ ಚಕ್ರದ ಮೋಹ

ಮಾರುತಿ 800, ಹಳೆಯ ಜೆನ್ ಮತ್ತು ಎಸ್ಟೀಮ್ ಕಾರುಗಳ ಚಕ್ರಗಳಿಗೆ ನಾಲ್ಕು ಬೋಲ್ಟ್‌ಗಳ ಒಂದೇ ಅಳತೆಯ ಜೋಡಣೆ ಇರುವುದರಿಂದ 13 ಇಂಚಿನ ಚಕ್ರ ಹಾಕುವ ರೂಢಿ ಬೆಳೆದಿದೆ. 145/70 ಆರ್12 ಟೈರಿನ ಹೊರವ್ಯಾಸ ಸುಮಾರು 508 ಮಿ.ಮೀ. ಆದರೆ, 145/70 ಆರ್13 ಟೈರಿನದು ಸುಮಾರು 533 ಮಿ.ಮೀ. ಈ ಶೇ. 5ರ ಹೆಚ್ಚಳದಿಂದ ಏರಿನಲ್ಲಿ ಎಳೆಯುವ ಬಲ ಅಷ್ಟೇ ತಗ್ಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಕಾರು 63 ಕಿ.ಮೀ. ವೇಗದಲ್ಲಿರುತ್ತದೆ. ನೋಟಕ್ಕೆ ಚೆಂದವಾದರೂ ಗುಡ್ಡಗಾಡಿಗೆ ಇದು ಹಿನ್ನಡೆಯೇ ಸರಿ. 12 ಇಂಚಿನ ಚಕ್ರಕ್ಕೆ ಹೊಸ ಟೈರ್ ಹಾಕಿಸುವುದೇ ಲೇಸು. ಹಳೆಯ ಟೈರ್ ಕೊಳ್ಳುವುದು ಸಲ್ಲದು. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು ಎಂದು ತಿಳಿಯಬೇಕು.

ಮಂಜಿನಲ್ಲಿ ಬೆಳಕು

ಹಳೆಯ ಕಾರುಗಳಲ್ಲಿ ಹೆಡ್‌ಲೈಟಿನ ವಿದ್ಯುತ್ತು ಸ್ವಿಚ್ಚಿನ ಮೂಲಕ ಸುತ್ತಿಬರುವಾಗ ವೋಲ್ಟೇಜ್ ಕುಸಿದು ಬೆಳಕು ಮಂಕಾಗುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ದೊರೆಯುವ ಎರಡು ರಿಲೇಗಳನ್ನು ಬಳಸಿ, ಫ್ಯೂಸ್ ಸಹಿತ ಹೊಸ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಎಳೆದರೆ ಅದೇ 60/55 ವ್ಯಾಟ್‌ನ ಬಲ್ಬ್ ಪೂರ್ಣ ಪ್ರಕಾಶ ಬೀರುತ್ತದೆ. ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿದರೆ ಎದುರು ಬರುವವರ ಕಣ್ಣು ಕುಕ್ಕುವುದಲ್ಲದೆ ಹಳೆಯ ತಂತಿಯೂ ಸುಡುವ ಭಯವಿದೆ.

ಎಂಜಿನ್ ಬದಲಾವಣೆ ಮತ್ತು ಕಾನೂನು

ಇದೇ ಗಾತ್ರದ 12 ವಾಲ್ವ್‌ಗಳ ಎಂಪಿಎಫ್‌ಐ ಎಂಜಿನ್ ಸುಮಾರು 45 ಅಶ್ವಶಕ್ತಿ ನೀಡುತ್ತದೆಂಬ ಆಕರ್ಷಣೆ ಇದೆ. ಆದರೆ ಅದಕ್ಕೆ ಬೇಕಾದ ನಿಯಂತ್ರಣ ಘಟಕ, ವೈರಿಂಗ್, ಸೆನ್ಸರ್‌ಗಳು ಮತ್ತು ಅಧಿಕ ಒತ್ತಡದ ಪೆಟ್ರೋಲ್ ಪಂಪ್ ಎಲ್ಲವೂ ಸಂಪೂರ್ಣವಾಗಿ ದೊರೆಯದಿದ್ದರೆ ಹಣ ವ್ಯರ್ಥ. ಟೈಮಿಂಗ್ ಬೆಲ್ಟ್ ಹೊಸದಾಗಿರಲೇಬೇಕು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಎಂಜಿನ್ ಬದಲಿಸುವವರು ಮೊದಲೇ ಸಕಲೇಶಪುರದ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯಬೇಕು. ಬದಲಿಸಿದ 14 ದಿನಗಳೊಳಗೆ ತಿಳಿಸಿ, ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ದಾಖಲೆ ಹೊಂದದಿದ್ದರೆ ಅಪಘಾತದ ವೇಳೆ ವಿಮಾ ಪರಿಹಾರಕ್ಕೂ ತೊಡಕಾಗಬಹುದು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧವಾದ್ದರಿಂದ ಪ್ರತಿ ಬಿಡಿಭಾಗಕ್ಕೂ ರಸೀದಿ ಪಡೆಯುವುದು ಒಳಿತು.

ಅಪಘಾತಕ್ಕೀಡಾದ ಕಾರಿನ ಸೀಟ್‌ಬೆಲ್ಟ್ ಮತ್ತು ಸ್ಟೀರಿಂಗ್ ಭಾಗಗಳನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಯಾವುದೇ ಭಾಗ ಜೋಡಿಸಿದ ಬಳಿಕ ಕೆಲವು ದಿನ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿಗೆ ಇಳಿಯುವುದು ವಿವೇಕ.