ಬೂದಿಹಾಳದ ಬೂದಿ, ನಮ್ಮ ಎರೆ: ಜ್ವಾಲಾಮುಖಿ ಯಾವುದು, ದನದ ದೊಡ್ಡಿ ಯಾವುದು?



ಬೇಸಿಗಿ ಬಂತಂದ್ರ ನಮ್ಮ ಕಡೆ ಹೊಲ ಸಮ ಮಾಡೋ ಕೆಲಸ ಜೋರು. ಜೆಸಿಬಿ ತರಸ್ತೀವಿ, ದಿಬ್ಬ ಕಡಿತೀವಿ, ತಗ್ಗು ತುಂಬತೀವಿ. ಕಾಲುವೆ ನೀರು ಹರೀಬೇಕಂದ್ರ ಇದು ಮಾಡಲೇಬೇಕು, ತಪ್ಪೇನಿಲ್ಲ. ಆದ್ರ ಕೆಲವು ದಿಬ್ಬಕ್ಕ ಕೈ ಹಚ್ಚೋ ಮೊದಲು ಅದು ಏನು ಅಂತ ತಿಳಕೊಂಡ್ರ ಒಳ್ಳೇದು. ಅಂಥದ್ದೇ ಒಂದು ಬೂದಿ ದಿಬ್ಬ. ಇದರ ಕಥಿ ಬರೀಲಿಕ್ಕೆ ಹೋದ್ರ ನಡುವ ಜ್ವಾಲಾಮುಖಿ, ಭೂಕಂಪ ಎಲ್ಲಾ ಬರ್ತಾವ. ಸ್ವಲ್ಪ ಉದ್ದ ಆಗ್ತದ, ಪುರುಸೊತ್ತು ಮಾಡಿಕೊಂಡು ಓದ್ರಿ.

ಹುಣಸಗಿ ಸೀಮಿಯೊಳಗ ಕೊಡೇಕಲ್ಲು ಎಲ್ಲರಿಗೂ ಗೊತ್ತು. ಹಿಂದಿನ ಸುರಪುರ ತಾಲೂಕಿನ ಬೂದಿಹಾಳದ ಹೆಸರನ್ನೂ ಕೇಳಿರ್ತೀರಿ. ಈ ಎರಡೂ ಊರಿನ ಸೀಮಿಯೊಳಗ ಬೂದಿ ದಿಬ್ಬಗಳಿವೆ. ಇಂಥ ದಿಬ್ಬಗಳು ರಾಯಚೂರು, ಬಳ್ಳಾರಿ ಕಡೆಗೂ, ಆಂಧ್ರ ಮತ್ತು ತೆಲಂಗಾಣದಲ್ಲೂ ಇವೆ. ಬಳ್ಳಾರಿ ಹತ್ತಿರದ ಕುಡತಿನಿಯ ದಿಬ್ಬ ಹೆಸರುವಾಸಿ. ಹೊರಗಿನಿಂದ ನೋಡಿದರೆ ಮಣ್ಣಿನ ಗುಡ್ಡಿ ಹಂಗೇ ಕಾಣ್ತದ. ಕೆದರಿದರೆ ಬಿಳಿ, ಬೂದು ಬಣ್ಣದ ಪುಡಿ. ಕೆಲವು ಕಡೆ ಗಾಜಿನ ಹಂಗ ಕರಗಿ ಗಟ್ಟಿಯಾದ, ತೂತು ತೂತಾದ ಹೆಂಟಿಗಳು ಸಿಗ್ತಾವ. ಕಮ್ಮಾರರ ಕುಲುಮಿಯ ಕಿಟ್ಟ ನೋಡಿದವರಿಗೆ ಅದೇ ನೆನಪಾಗ್ತದ.

ಇಷ್ಟು ದೊಡ್ಡ ಬೂದಿ ಎಲ್ಲಿಂದ ಬಂತು? ಹಿಂದಿನ ಜನ ತಮಗೆ ತಿಳಿದಂಗ ಉತ್ತರ ಹೇಳಿದ್ರು. ರಾಕ್ಷಸನನ್ನು ಸುಟ್ಟ ಬೂದಿ ಅಂದ್ರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ರಾಮಾಯಣದ ವಾಲಿಯ ಚಿತಾಭಸ್ಮ ಅಂತ ಇವತ್ತಿಗೂ ಹೇಳ್ತಾರ. ಬ್ರಿಟಿಷರ ಕಾಲದಾಗ, 1840ರ ಆಸುಪಾಸು, ಮದ್ರಾಸ್ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಬಳ್ಳಾರಿ ಕಡೆಯ ದಿಬ್ಬಗಳನ್ನು ನೋಡಿ ಬರೆದಿಟ್ಟರು. ಕರಗಿದ ಕಿಟ್ಟ ಕಂಡ ಕೆಲವರು ಇದು ಜ್ವಾಲಾಮುಖಿ ಉಗುಳಿದ್ದು ಅಂದ್ರು. ಇನ್ನು ಕೆಲವರು ಇಲ್ಲ, ಲೋಹ ಕರಗಿಸಿದ ಜಾಗ ಅಂದ್ರು.

ಈ ವಾದಕ್ಕೆ ದಾರಿ ತೋರಿಸಿದವರು ಕಲ್ಲು ಓದಲು ಬಲ್ಲ ಒಬ್ಬರು. ರಾಬರ್ಟ್ ಬ್ರೂಸ್ ಫೂಟ್ ಅಂತ ಅವರ ಹೆಸರು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಆದಿಮಾನವರ ಕಲ್ಲಿನ ಆಯುಧ ಗುರುತಿಸಿದವರು ಇವರೇ. ಜ್ವಾಲಾಮುಖಿಯ ಕಲ್ಲು ಹೆಂಗಿರ್ತದ ಅಂತ ಚೊಲೋತ್ನಾಗಿ ಗೊತ್ತಿದ್ದ ಮನುಷ್ಯ. ಈ ದಿಬ್ಬಗಳು ದನದ ಸಗಣಿ ಸುಟ್ಟ ಬೂದಿ, ಆಫ್ರಿಕಾದಲ್ಲಿ ಮುಳ್ಳುಬೇಲಿ ಹಾಕಿ ದನ ಕೂಡ್ತಾರಲ್ಲ, ಅಂಥ ದೊಡ್ಡಿಗಳಿದ್ದ ಜಾಗ ಅಂತ ಅವರು ಹೇಳಿದ್ರು.

ನಮಗೂ ಇದು ಹೊಲದಾಗ ನಿಂತು ತಿಳೀಬಹುದಾದ ಮಾತು. ಜ್ವಾಲಾಮುಖಿ ಅಂದ್ರ ಕಲ್ಲುರಸ ಮೇಲೆ ಬರಲಿಕ್ಕೆ ಒಂದು ಬಾಯಿ ಇಲ್ಲಾ ಒಂದು ಸೀಳು ಬೇಕು, ರಸ ಹರಿದ ಗುರುತು ಬೇಕು. ಬೂದಿ ದಿಬ್ಬಕ್ಕ ಅದ್ಯಾವುದೂ ಇಲ್ಲ. ಹಳೇ ನೆಲದ ಮ್ಯಾಲ ತಿಪ್ಪಿ ಒಟ್ಟಿದಂಗ ಕುಂತದ. ಒಳಗ ಮಡಕಿ ಚೂರು, ದನದ ಎಲುಬು, ನುಣ್ಣಗೆ ತಿಕ್ಕಿದ ಕಲ್ಲಿನ ಕೊಡಲಿ ಸಿಗ್ತಾವ. ಕಲ್ಲುರಸದ ಹೊಟ್ಟಿಯೊಳಗ ಮಡಕಿ ಎಲ್ಲಿಂದ ಬರಬೇಕು?

ಹಂಗಾದ್ರ ಸಗಣಿ ಕರಗಿ ಗಾಜು ಹೆಂಗಾಯ್ತು? ಹುಲ್ಲಿನೊಳಗ ಮರಳಿನ ಅಂಶ, ಅಂದ್ರ ಸಿಲಿಕಾ ಇರ್ತದ. ಜೋಳದ ಸೊಪ್ಪಿಯ ಅಂಚು ಕೈ ಕೊಯ್ಯೋದು ಅದರಿಂದಲೇ. ದನ ಹುಲ್ಲು ತಿಂದ ಮ್ಯಾಲ ಆ ಸಿಲಿಕಾ ಸಗಣಿಗೆ ಬರ್ತದ, ಸುಟ್ಟರೆ ಬೂದಿಯೊಳಗ ಉಳೀತದ. ಬೂದಿಯಲ್ಲಿರೋ ಪೊಟ್ಯಾಷ್‌ನಂಥ ಕ್ಷಾರ ಸೇರಿದಾಗ ಸಿಲಿಕಾ ಕಡಿಮಿ ಕಾವಿಗೇ ಕರಗ್ತದ. ಇಟ್ಟಂಗಿ ಭಟ್ಟಿಯ ನಡುವ ಕಾವು ಹೆಚ್ಚಾಗಿ ಇಟ್ಟಂಗಿ ಕರಗಿ ಒಂದಕ್ಕೊಂದು ಅಂಟಿಕೊಂಡದ್ದು ನೀವೂ ನೋಡಿರ್ತೀರಿ. ಬಣವಿ ಎತ್ತರದ ಸಗಣಿ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಒಳಗೊಳಗೇ ಉರಿದರೆ ಆಗೋದೂ ಅದೇ.

ಮುಂದೆ 1957ರಲ್ಲಿ ಎಫ್. ಆರ್. ಆಲ್ಚಿನ್ ಅನ್ನೋ ಸಂಶೋಧಕರು ಈಗಿನ ತೆಲಂಗಾಣದ ಉಟ್ನೂರಿನ ಬೂದಿ ದಿಬ್ಬ ಅಗೆಸಿದರು. ಬೂದಿಯ ಪದರುಗಳ ನಡುವ ದನದ ಗೊರಸಿನ ಗುರುತು ಹಂಗೇ ಇದ್ದವು. ಸುತ್ತಲೂ ಗೂಟ ಹುಗಿದ ಕುಣಿಗಳು, ಅಂದ್ರ ದೊಡ್ಡಿಯ ಬೇಲಿ. ಫೂಟ್ ಹೇಳಿದ ಮಾತು ನೆಲದಾಗೇ ಬರೆದಿತ್ತು. ಲಂಡನ್ನಿನ ಎಫ್. ಇ. ಝಾಯ್ನರ್ ಬೂದಿಯ ಮಾದರಿ ಪರೀಕ್ಷೆ ಮಾಡಿ ಇದು ಸಗಣಿಯೇ ಅಂತ ತೋರಿಸಿದರು.

ನಮ್ಮ ಸೀಮಿಗೆ ಬಂದು ಕೆಲಸ ಮಾಡಿದವರು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ. 1960ರ ದಶಕದಲ್ಲಿ ಕೊಡೇಕಲ್ಲಿನ ದಿಬ್ಬ ಅಗೆಸಿದರು. ಅದರ ವಯಸ್ಸು ನಾಲ್ಕು ಸಾವಿರ ವರ್ಷಕ್ಕಿಂತ ಹೆಚ್ಚು. 1990ರ ದಶಕದಲ್ಲಿ ಬೂದಿಹಾಳದಲ್ಲಿ ದೊಡ್ಡದಾಗಿ ಅಗೆತ ನಡೆಯಿತು. ಅಲ್ಲಿ ದನ ಕೂಡುವ ದೊಡ್ಡಿ, ಅದರ ಬಾಜೂಕೇ ಜನರ ಮನೆಗಳು, ದನ ಕಡಿದು ಮಾಂಸ ಬಿಡಿಸುತ್ತಿದ್ದ ನೆಲ, ಚಕಮಕಿ ಕಲ್ಲಿನ ಅಲಗು ಮಾಡುವ ಜಾಗ, ಮಕ್ಕಳನ್ನು ಹೂಳಿದ ಗಡಿಗೆಗಳು ಸಿಕ್ಕವು. ಅಂದ್ರ ಇಡೀ ಒಂದು ಊರು. ಕಬ್ಬಿಣ ಕಾಣದ ಕಾಲದ ದನಗಾರರ ಊರು. ಈ ಕೆಲಸಕ್ಕಾಗಿ ಜೀವ ತೇದ ಪದ್ದಯ್ಯನವರಿಗೆ 2012ರಲ್ಲಿ ಪದ್ಮಶ್ರೀ ಬಂತು.

ಅವರು ಸಗಣಿ ಯಾಕೆ ಸುಟ್ಟರು ಅನ್ನೋದಕ್ಕೆ ಎರಡು ಮಾತು ಇವೆ. ಮೈಸೂರು ಕಡೆ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸ್ತಾರಲ್ಲ, ಅಂಥ ಹಬ್ಬದ ಬೆಂಕಿ ಇರಬೇಕು ಅಂತ ಆಲ್ಚಿನ್ ಹೇಳಿದ್ರು. ದೊಡ್ಡಿ ಬಳಿದು ಒಟ್ಟಿದ ರಾಶಿಯನ್ನು ಆಗಾಗ ಸುಟ್ಟು ಜಾಗ ಸ್ವಚ್ಛ ಮಾಡ್ತಿದ್ರು ಅನ್ನೋದು ಇನ್ನೊಂದು ಮಾತು. ದನ ಕಟ್ಟಿದವರಿಗೆ ಗೊತ್ತು, ಮಳಿಗಾಲದಾಗ ನೊಣ, ಉಣ್ಣಿ ಕಾಟಕ್ಕ ಹೊಗಿ ಹಾಕದೆ ಗತಿ ಇಲ್ಲ.

ಇರಲಿ, ಬೂದಿ ದಿಬ್ಬ ಜ್ವಾಲಾಮುಖಿ ಅಲ್ಲ ಅಂತಾಯ್ತು. ಆದ್ರ ಜ್ವಾಲಾಮುಖಿ ನಮಗ ಸಂಬಂಧವೇ ಇಲ್ಲ ಅನ್ನೋ ಹಂಗಿಲ್ಲ. ಹುಣಸಗಿಯಿಂದ ಬಡಗಣ ದಿಕ್ಕಿಗೆ ಸಿಂದಗಿ, ಕಲಬುರಗಿ ಕಡೆ ಹೋಗ್ರಿ. ಬಾವಿ ತೋಡಿದಲ್ಲಿ, ರಸ್ತೆಗೆ ಗುಡ್ಡ ಕಡಿದಲ್ಲಿ ಕರಿಕಲ್ಲು ಪದರು ಪದರಾಗಿ ಕಾಣ್ತದ. ಅದೇ ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಉದ್ದುದ್ದ ಸೀಳಿ, ಆ ಸೀಳುಗಳಿಂದ ಕಲ್ಲುರಸ ನೀರು ಹರಿದಂಗ ಹರಿಯಿತು. ಒಂದು ಪದರು ಆರಿದ ಮ್ಯಾಲ ಇನ್ನೊಂದು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲದ ಮೇಲೆ ಆ ಕಲ್ಲು ಹರಡಿದೆ. ಮಹಾರಾಷ್ಟ್ರದ ಸಹ್ಯಾದ್ರಿ ಕಡೆ ಭಾಳ ದಪ್ಪ, ನಮ್ಮ ಕಡೆ ಬರಬರುತ್ತಾ ತೆಳುವಾಗಿ ಮುಗೀತದ. ನಾವು ಅದರ ಸೆರಗಿನ ಅಂಚಿನಾಗ ಇದ್ದೀವಿ.

ಆ ಕಲ್ಲು ಮಳಿ, ಬಿಸಿಲಿಗೆ ಲಕ್ಷಾಂತರ ವರ್ಷ ಕೊಳೆತು ಆದದ್ದೇ ದಖ್ಖನ್ನಿನ ಎರೆ. ನಮ್ಮ ಹುಣಸಗಿ ಬಯಲಿನ ಎರೆ ಪೂರಾ ಬಸಾಲ್ಟಿನದೇ ಅಂತ ಹೇಳಲಿಕ್ಕೆ ಬರೋದಿಲ್ಲ. ಇಲ್ಲಿ ತಳದಾಗ ಗ್ರಾನೈಟ್ ಜಾತಿಯ ಕಲ್ಲು, ಅಂಚಿನ ಗುಡ್ಡಗಳಾಗ ಶಹಾಬಾದ ಪರಸಿ ಜಾತಿಯ ಸುಣ್ಣದ ಕಲ್ಲು ಅದ. ಅವೂ ಕರಗಿ ಮಣ್ಣಿಗೆ ಸೇರ್ಯಾವ. ಆದ್ರ ಬೇಸಿಗ್ಯಾಗ ಕಾಲು ಹೋಗುವಷ್ಟು ಬಿರಿದು, ಮಳಿ ಬಿದ್ದರ ಉಬ್ಬಿ ಮುಚ್ಚಿಕೊಳ್ಳೋ ಗುಣ, ಹಿಂಗಾರಿ ಜೋಳಕ್ಕ ತಿಂಗಳುಗಟ್ಟಲೆ ಹಸಿ ಹಿಡಿದಿಡೋ ಗುಣ ಈ ಜೇಡಿಯದು. ಬಸಾಲ್ಟ್ ಕೊಳೆತಲ್ಲಿ ಅಂಥ ಜೇಡಿ ಹುಟ್ಟೋದು ಜಾಸ್ತಿ.

ಒಬ್ಬ ತಮ್ಮ ಕೇಳಿದ: "ಅಣ್ಣಾ, ಹಂಗಾದ್ರ ಮತ್ತ ಜ್ವಾಲಾಮುಖಿ ಏಳ್ತದೇನು?" ಆ ಚಿಂತಿ ಬ್ಯಾಡ. ಭೂಮಿಯ ಮೇಲಿನ ಚಿಪ್ಪು ಒಂದೇ ತುಂಡು ಇಲ್ಲ, ದೊಡ್ಡ ದೊಡ್ಡ ಫಲಕಗಳಾಗಿ ಒಡೆದದ. ನಮ್ಮ ದೇಶ ಒಂದು ಫಲಕದ ಮ್ಯಾಲ ಕುಂತು ಬಡಗಣಕ್ಕ ಸರೀತಾ ಬಂದದ. ಆ ಕಾಲಕ್ಕ ಯಾವ ಬಿಸಿ ಜಾಗದ ಮ್ಯಾಲ ಹಾದು ಬಂದೆವೋ, ಆ ಜಾಗ ಈಗ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗ ಅದ. ಆ ದ್ವೀಪದಾಗ ಜ್ವಾಲಾಮುಖಿ ಇವತ್ತಿಗೂ ಉರೀತದ. ನಾವು ಅದನ್ನು ಸಾವಿರಾರು ಕಿಲೋಮೀಟರ್ ಹಿಂದ ಬಿಟ್ಟು ಬಂದೀವಿ.

ಆದ್ರ ಸರಿಯೋದು ನಿಂತಿಲ್ಲ. ವರ್ಷಕ್ಕ ಸುಮಾರು 5 ಸೆಂಟಿಮೀಟರ್ ಮುಂದೆ ಹೋಗಿ ಏಷ್ಯಾಕ್ಕ ಒತ್ತತೀವಿ. ಹಿಮಾಲಯ ಎದ್ದದ್ದು ಆ ಒತ್ತಡಕ್ಕ. ಅದರ ಬಿಗಿ ಒಳನಾಡಿನ ಹಳೇ ಬಿರುಕುಗಳಿಗೂ ತಟ್ಟತದ. 1993ರ ಸೆಪ್ಟೆಂಬರ್ 30ರ ನಸುಕಿನಾಗ, ಆಳಂದ, ಉಮರ್ಗಾ ದಾಟಿದರ ಸಿಗುವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಗಣಪತಿ ಕಳಿಸಿ ದಣಿದು ಮಲಗಿದ ಜನ. ಹತ್ತಿರ ಹತ್ತಿರ 10 ಸಾವಿರ ಜೀವ ಹೋದವು. ಕೊಂದದ್ದು ಹೆಚ್ಚಾಗಿ ಕಲ್ಲು-ಮಣ್ಣಿನ ದಪ್ಪ ಗೋಡಿ, ಅದರ ಮ್ಯಾಲ ಹೇರಿದ ಮಣ್ಣಿನ ಮಾಳಿಗಿ. ನಮ್ಮ ಊರುಗಳಾಗೂ ಅಂಥ ಮನಿಗಳು ಇನ್ನೂ ಇವೆ. ವರ್ಷಾ ಮಾಳಿಗಿ ಮ್ಯಾಲ ಮಣ್ಣು ಹಾಕ್ತಾ ಹೋದ್ರ ಭಾರ ಏರ್ತದ ಅನ್ನೋದು ನೆನಪಿರಲಿ.

ಈಗ ಮತ್ತ ದಿಬ್ಬದ ಮಾತು. ಬೂದಿ ಅಂದ್ರ ಗೊಬ್ಬರ ಅಂತ ಟ್ರ್ಯಾಕ್ಟರ್‌ನಾಗ ತುಂಬಿ ಹೊಲಕ್ಕ ಹೊಡೆದದ್ದು ಅನೇಕ ಕಡೆ ಆಗ್ಯದ. ರೈತನಾಗಿ ನನ್ನ ಲೆಕ್ಕ ಹಿಂಗದ. ಸಗಣಿ ಸುಟ್ಟಾಗಲೇ ಅದರ ಸಾರಜನಕ ಗಾಳಿಗೆ ಹೋಯ್ತು. ನೀರಿನಾಗ ಕರಗೋ ಪೊಟ್ಯಾಷ್ ಸಾವಿರಾರು ಮಳಿಗಾಲದಾಗ ತೊಳೆದು ಹೋಗ್ಯದ. ಉಳಿದದ್ದು ಹೆಚ್ಚಾಗಿ ಸುಣ್ಣ, ಸಿಲಿಕಾ. ನಿಮ್ಮ ಮಣ್ಣು ಪರೀಕ್ಷೆ ಕಾರ್ಡ್ ತೆಗೆದು ನೋಡ್ರಿ, ನಮ್ಮ ಎರೆಯ ರಸಸಾರ ಸಾಮಾನ್ಯವಾಗಿ 8ರ ಮ್ಯಾಲೇ ಇರ್ತದ. ಸುಣ್ಣ ಹೆಚ್ಚಾದ್ರ ಬೆಳಿಗೆ ಕಬ್ಬಿಣ, ಸತು ಸಿಗೋದಿಲ್ಲ. ಶೇಂಗಾ ಎಲಿ ಹಳದಿ ಆಗೋದು ಅದಕ್ಕೇ. ಅಂಥ ಹೊಲಕ್ಕ ಮತ್ತ ಬೂದಿ ಸುರಿದ್ರ ಡೀಸೆಲ್ ಖರ್ಚೇ ಗಳಿಕಿ. ಅದರ ಬದಲಿ ಒಂದು ಬಂಡಿ ಕೊಳೆತ ತಿಪ್ಪಿ ಗೊಬ್ಬರ ಮೇಲು.

ಕಳಕೊಳ್ಳೋದು ಮಾತ್ರ ದೊಡ್ಡದು. ನೆಲ ಕೆದರಿದಾಗ ಇತಿಹಾಸ ಸಿಗೋದೂ ಹೌದು. ನಮ್ಮ ಇಸಾಂಪುರದಾಗ ಕಾಲುವೆ ಕೆಲಸಕ್ಕ ಮಣ್ಣು ತೆಗೆದಾಗಲೇ ಆದಿಮಾನವರ ಕಲ್ಲಿನ ಆಯುಧ ಕಂಡವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷೆ ಮಾಡಿ ಸುಮಾರು 12 ಲಕ್ಷ ವರ್ಷದ ಹಿಂದಿನವು ಅಂತ ಲೆಕ್ಕ ಹಾಕಿದರು. ಆದ್ರ ಕಂಡ ಮ್ಯಾಲ ಅಲ್ಲೇ ನಿಲ್ಲಿಸಿ ಪದರು ಪದರಾಗಿ ನೋಡಿದ್ದಕ್ಕ ಅದು ಇತಿಹಾಸ ಆಯ್ತು. ಜೆಸಿಬಿ ಬಕೆಟ್ಟಿನಾಗ ಕಲೆಸಿದ ಮ್ಯಾಲ ಗೊರಸಿನ ಗುರುತೂ ಇಲ್ಲ, ಗೂಟದ ಕುಣಿಯೂ ಇಲ್ಲ, ಬರೇ ಬೂದಿ.

ಕಲ್ಲುರಸದ ಬೆಂಕಿ ನಮಗ ಎರೆ ಕೊಡ್ತು. ಸಗಣಿಯ ಬೆಂಕಿ ಹಚ್ಚಿದವರು ಈ ನೆಲದಾಗ ನಮಗಿಂತ ಮೊದಲು ದನ ಕಟ್ಟಿದವರು, ಒಂದು ಲೆಕ್ಕಕ್ಕ ನಮ್ಮ ಹಿರಿಯರು. ಅವರ ದೊಡ್ಡಿಯ ಮ್ಯಾಲ ಕುಂಟಿ ಹೊಡೆಯೋ ಮೊದಲು ಒಂದು ಮಾತು ಯೋಚನೆ ಮಾಡ್ರಿ. ನಿಮ್ಮ ಸರ್ವೆ ನಂಬರಿನಾಗ ಬೂದಿ ಮಣ್ಣು, ಕಿಟ್ಟದ ಹೆಂಟಿ, ಹಳೇ ಮಡಕಿ ಚೂರು ಒಟ್ಟಿಗೇ ಕಂಡ್ರ, ಅಷ್ಟು ಜಾಗ ಬದುವಿನ ಹಂಗ ಬಿಟ್ಟು ಉಳಿದದ್ದು ಸಮ ಮಾಡ್ರಿ. ತಹಶೀಲ್ದಾರ್ ಕಚೇರಿಗೆ ಇಲ್ಲಾ ಪುರಾತತ್ವ ಇಲಾಖೆಗೆ ಒಂದು ಸುದ್ದಿ ಮುಟ್ಟಿಸ್ರಿ. ನಾಲ್ಕು ಗುಂಟೆ ಬಿಟ್ಟರ ನಮ್ಮ ಬೆಳಿ ಕಡಿಮಿ ಆಗೋದಿಲ್ಲ.

ಮುಂದಿನ ಸಲ ಎರೆಯೊಳಗ ಸವಳು ಏರೋದರ ಬಗ್ಗೆ ಬರೀತೀನಿ.