ಘಟ್ಟ ಹತ್ತಿದ ಮೇಷ್ಟ್ರುಗಳು

ಕೊಡಗಿನ ಹಳ್ಳಿಶಾಲೆಯಲ್ಲಿ ಪಾಠದ ಭಾಷೆ ಕನ್ನಡ. ಆದರೆ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವರ ನುಡಿ, ಜೇನುಕುರುಬರ ನುಡಿ ಆಡುವ ಮಕ್ಕಳು ಕೂರುವುದು ಇಲ್ಲಿ ಮಾಮೂಲು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಅಷ್ಟರಲ್ಲೇ ಇಷ್ಟೊಂದು ಮನೆಮಾತು!

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೆ ಅದನ್ನು ಅರಿಯುವ ಆತುರ ಮೊದಲು ಕಂಡದ್ದು ಆಳುವವರಲ್ಲಿ, ಪಾದ್ರಿಗಳಲ್ಲಿ. ಸೂಪರಿಂಟೆಂಡೆಂಟ್ ಆಗಿದ್ದ ಕ್ಯಾಪ್ಟನ್ ಕೋಲ್ 1867ರಲ್ಲಿ ಕೊಡವ ಭಾಷೆಯ ವ್ಯಾಕರಣ ಬರೆದ. ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಮುಖ್ಯಸ್ಥ, ಬಾಸೆಲ್ ಮಿಶನ್ನಿನ ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿ ಹೊರತಂದ. ಎರಡೂ ಇಂಗ್ಲಿಷಿನಲ್ಲಿ, ಕನ್ನಡವಷ್ಟೇ ಬಲ್ಲ ಮೇಷ್ಟ್ರಿಗೆ ಅವುಗಳಿಂದ ಏನೂ ದಕ್ಕುವಂತಿರಲಿಲ್ಲ.

ಅದೇ ಊರಿನ ಸೆಂಟ್ರಲ್ ಹೈಸ್ಕೂಲಿಗೆ ಮುಂದೆ ಮುಖ್ಯೋಪಾಧ್ಯಾಯರಾಗಿ ಬಂದವರು ಪಂಜೆ ಮಂಗೇಶರಾಯರು. ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಸುತ್ತಲಿನದು ತುಳು, ಬರೆದದ್ದು ಕನ್ನಡ. ಪರಭಾಷೆಯಲ್ಲಿ ಪಾಠ ಕೇಳುವ ಮಗುವಿನ ಪಾಡು ಅವರಿಗೆ ಹೊಸದೇನಲ್ಲ. ಶಾಲಾ ಇನ್ಸ್‌ಪೆಕ್ಟರರಾಗಿ ಊರೂರು ತಿರುಗಿದ್ದವರು, ಮಕ್ಕಳಿಗೆಂದೇ ಕಥೆ, ಶಿಶುಗೀತೆ ಹೊಸೆದವರು. ಕೊಡಗಿಗೆ ಬಂದು, ಅಲ್ಲಿನ ಸುಗ್ಗಿಹಬ್ಬವನ್ನೇ ಹಿಡಿದು ‘ಹುತ್ತರಿ ಹಾಡು’ ಬರೆದರು. ಘಟ್ಟದ ಕೆಳಗಿನ ಮೇಷ್ಟ್ರು ಬರೆದ ಆ ಕನ್ನಡ ಪದ್ಯವನ್ನು ಕೊಡಗಿನವರು ತಮ್ಮದೇ ಎಂದು ಹಾಡಿಕೊಂಡರು. ಊರಿನೊಡನೆ ಹೀಗೆ ಬೆರೆಯುವುದನ್ನು ತರಬೇತಿ ಶಾಲೆಯಲ್ಲಿ ಕಲಿಸಿಕೊಡುವುದು ಕಷ್ಟ, ನಿಜ. ಆದರೆ ಎಲ್ಲ ಮೇಷ್ಟ್ರೂ ಪಂಜೆಯವರಾಗಲಿ ಎಂದು ಕಾಯುತ್ತ ಕೂರಲಾದೀತೆ?

ಕಾಯದೆ ಕೆಲಸಕ್ಕಿಳಿದವರು ನೆರೆಯ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು. 1995ರಲ್ಲಿ ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ, ನೋಡಿ, ವಾಪಸು ಬಂದು ಕಲಿಕೆಯ ಕಾರ್ಡುಗಳನ್ನು ತಾವೇ ತಯಾರಿಸಿದರು. ಅದೇ ನಲಿ-ಕಲಿ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ; ಕಪ್ಪುಹಲಗೆ ಅವರ ಕೈಗೆಟಕುವಷ್ಟು ತಗ್ಗಿನಲ್ಲಿರುತ್ತದೆ; ಅವರು ಬರೆದದ್ದು, ಬಿಡಿಸಿದ್ದು ತಲೆಯ ಮೇಲೆ ದಾರಕ್ಕೆ ತೂಗುತ್ತದೆ, ಅದಕ್ಕೆ ಚಪ್ಪರವೆಂದೇ ಹೆಸರು. ಮಗು ತನ್ನದೇ ಓಟದಲ್ಲಿ ಕಲಿಕೆಯ ಏಣಿ ಹತ್ತುತ್ತದೆ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಆದರೂ ಕಾರ್ಡಿನ ಮೇಲಿನ ಮಾತು ಕನ್ನಡದ್ದೇ.

ಕೊಡವ ಭಾಷೆಗೆ 1994ರಿಂದ, ಅರೆಭಾಷೆಗೆ 2011ರಿಂದ ಅಕಾಡೆಮಿಗಳಿವೆ. ಎರವರ ನುಡಿಗೆ ಅಂಥ ಆಸರೆಯಿಲ್ಲ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಕುಶಾಲನಗರದ ಬಳಿಯ ಕೂಡಿಗೆಯಲ್ಲಿದೆ. ಆದಿವಾಸಿಗಳು ಬಾಳುವ ಹಾಡಿಗಳು ಅಲ್ಲಿಂದ ದೂರವೇನಲ್ಲ. ಹೊಸ ಶಿಕ್ಷಕರು ನೇಮಕದ ಆದೇಶ ಹಿಡಿದು ಶಾಲೆಗೆ ಹೋಗುವ ಮುನ್ನ ಕೆಲವು ದಿನವಾದರೂ ಹಾಡಿಯ ಹಿರಿಯರೆದುರು ಕೂತು ನೂರು ಮಾತು ಕಲಿತು ಬರಲಿ. ಕಲಿಸಿದ ಹಿರಿಯರಿಗೆ ಇಲಾಖೆ ಗೌರವಧನ ಕೊಡಲಿ.